ನಾಪ್ಲಜ್ಜಿಯ ಮೊಣಕಾಲು

2013ರ ಏಪ್ರಿಲ್ 9, ಮಂಗಳವಾರ. ಬೆಳಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಇನಿಶ್ ಕೋರಾ ದ್ವೀಪದ ನಿವೃತ್ತ ಶಾಲಾ ಮಾಸ್ತರ ಫೆಹೀನನಿಗೆ ಡಬ್ಲಿನ್‌ನ ನಿಘಂಟು ಕಚೇರಿಯಿಂದ ಒಂದು ಲಕೋಟೆ ಬಂತು. ಒಳಗೆ ಒಂದು ಪತ್ರ, ಒಂದು ಚೀಟಿಯ ನಕಲು. ಚೀಟಿ ಐವತ್ತೊಂದು ವರ್ಷದ ಹಿಂದೆ ಅವನೇ ಬರೆದದ್ದು. ಅದರಲ್ಲಿದ್ದದ್ದು ಸುಳ್ಳು.

ಗೇಟಿನ ಬಳಿಯೇ ನಿಂತು ಪತ್ರವನ್ನು ಎರಡು ಸಲ ಓದಿದ. ಗಾಳಿಗೆ ಕಾಗದ ಪಟಪಟ ಬಡಿದುಕೊಳ್ಳುತ್ತಿತ್ತು. ಚೀಟಿ ಅಂಗೈಯಗಲದ್ದು. ಮೇಲಿನ ಎಡಮೂಲೆಯಲ್ಲಿ ಪದ: ಗ್ಲೂನ್. ಎಂದರೆ ಮೊಣಕಾಲು. ನಡುವೆ ಒಂದು ವಾಕ್ಯ: ‘ಈ ಮೊಣಕಾಲು ಸವೆದದ್ದು ನೆರೆಮನೆಗಳ ನೆಲದ ಮೇಲೆ, ಒಂದೊಂದು ಕೂಸಿಗೆ ಮಂಡಿಯೂರಿದಾಗ ಒಂದೊಂದು ಪದರ.’ ಕೆಳಗೆ, ಹೇಳಿದವರು: ನಾಪ್ಲ, ವಿಧವೆ, ಎಂಬತ್ತೊಂದು ವರ್ಷ, ಇನಿಶ್ ಕೋರಾ, ಆಗಸ್ಟ್ 1961. ಬಲಮೂಲೆಯಲ್ಲಿ ಬರೆದುಕೊಂಡವನ ಹೆಸರಿನ ಮೊದಲಕ್ಷರ, ಫೆ.

ಪತ್ರ ಬರೆದವಳು ಸೊರಖ ಎಂಬ ಸಂಪಾದಕಿ. ‘ಜಿ’ ಅಕ್ಷರದ ಸಂಪುಟ ಮುಗಿಯುತ್ತ ಬಂದಿದೆ, ಮೊಣಕಾಲಿನ ನಮೂದಿನಲ್ಲಿ ನಿಮ್ಮ ಅಜ್ಜಿಯ ಮಾತಿಗೆ ದೊಡ್ಡ ಜಾಗವಿದೆ, ಇಂಥ ಒಂಟಿ ಸಾಕ್ಷ್ಯವನ್ನು ಬರೆದುಕೊಂಡವರ ಖಾತ್ರಿಯಿಲ್ಲದೆ ಅಚ್ಚು ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಮುಂದಿನ ವಾರ ಗುರುವಾರ ಹನ್ನೊಂದರ ದೋಣಿಗೆ ನಾನೇ ಬರುತ್ತೇನೆ, ಒಂದು ಸಹಿ ಬೇಕು ಎಂದು ಬರೆದಿದ್ದಳು.

ಒಂಟಿ ಸಾಕ್ಷ್ಯ ಎಂದದ್ದಕ್ಕೆ ಕಾರಣವಿತ್ತು. ಐರಿಷ್ ಮಾತಿನಲ್ಲಿ ಕಲ್ಲು, ಮೀನು, ಮೂಗು, ಕಿವಿ ಎಲ್ಲಕ್ಕೂ ಲಿಂಗವಿದೆ; ಒಂದೋ ಗಂಡು, ಇಲ್ಲವೇ ಹೆಣ್ಣು. ಮೊಣಕಾಲು ಹೆಣ್ಣು. ‘ಆ ಮೊಣಕಾಲು’ ಎನ್ನುವಾಗ ಪದದ ಮೊದಲ ಗಕಾರ ಮೆತ್ತಗಾಗಿ, ಗಂಟಲಲ್ಲೇ ಉಜ್ಜಿ ಹೊರಬರುತ್ತದೆ. ಗಂಡು ಪದಗಳಲ್ಲಿ ಹಾಗಾಗುವುದಿಲ್ಲ, ಗಕಾರ ಗಟ್ಟಿಯಾಗಿಯೇ ನಿಲ್ಲುತ್ತದೆ. ಸಾವಿರ ವರ್ಷ ಹಿಂದಿನ ಹಸ್ತಪ್ರತಿಗಳಲ್ಲಾದರೆ ಮೊಣಕಾಲು ಗಂಡೂ ಅಲ್ಲ ಹೆಣ್ಣೂ ಅಲ್ಲ, ಮೂರನೆಯದು. ಆ ಮೂರನೆಯ ಮನೆ ಮುಚ್ಚಿದಾಗ ಒಳಗಿದ್ದ ಪದಗಳೆಲ್ಲ ಎರಡು ಪಾಲಾದವು. ಮೊಣಕಾಲು ಕೆಲವು ಕಾಲ ಎರಡೂ ಕಡೆ ಓಡಾಡಿ ಹೆಣ್ಣಿನ ಕಡೆ ನಿಂತಿತು. ನಾಪ್ಲಳ ಚೀಟಿಯಲ್ಲಿ ಮಾತ್ರ ಗಕಾರ ಗಟ್ಟಿಯಾಗಿತ್ತು. ಇಡೀ ಪಶ್ಚಿಮ ತೀರದಲ್ಲಿ ಮೊಣಕಾಲನ್ನು ಗಂಡಾಗಿ ಉಳಿಸಿಕೊಂಡಿದ್ದ ಬಾಯಿ ಇದೊಂದೇ ಎಂದು ಸೊರಖ ಅಡಿಗೆರೆ ಎಳೆದು ಬರೆದಿದ್ದಳು.

ಫೆಹೀನ್ ಲಕೋಟೆಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡ. ಒಂಬತ್ತು ದಿನ ಅದು ಅಲ್ಲೇ ಇತ್ತು.

1961ರ ಬೇಸಿಗೆಯಲ್ಲಿ ಅವನಿಗೆ ಇಪ್ಪತ್ತೆರಡು. ಡಬ್ಲಿನ್‌ನಲ್ಲಿ ಹಳೆಯ ಐರಿಷ್ ಓದುತ್ತಿದ್ದ. ನಿಘಂಟು ಕಚೇರಿಯವರು ಪದ ಸಂಗ್ರಹಕ್ಕೆ ಅವನನ್ನು ಅವನ ದ್ವೀಪಕ್ಕೇ ಕಳಿಸಿದರು. ಕೊಟ್ಟದ್ದು ಸಾವಿರ ಖಾಲಿ ಚೀಟಿ, ಆರು ಪೆನ್ಸಿಲ್, ಮೂರು ನಿಯಮ. ಕಿವಿಯಾರೆ ಕೇಳಿದ್ದನ್ನಷ್ಟೇ ಬರೆಯಬೇಕು. ಕೇಳಿದ ದಿನವೇ ಬರೆಯಬೇಕು. ಪದವನ್ನು ನೇರವಾಗಿ ಕೇಳಿ ತೆಗೆಸಬಾರದು: ಮೊಣಕಾಲಿಗೆ ಏನನ್ನುತ್ತೀರಿ ಎಂದರೆ ಜನ ಕೇಳಿದವನಿಗೆ ಯಾವುದು ಹಿತವೋ ಅದನ್ನು ಹೇಳುತ್ತಾರೆ, ಕುರಿಯ ಉಣ್ಣೆ ಕತ್ತರಿಸುವುದು ಹೇಗೆ ಎಂದರೆ ಮೊಣಕಾಲು ತಾನಾಗಿಯೇ ಬರುತ್ತದೆ.

ದ್ವೀಪದಲ್ಲಿ ಆಗ ಮೂವತ್ತೊಂದು ಮನೆ. ಫೆಹೀನ್ ತುದಿಯಿಂದ ತುದಿಗೆ ನಡೆದ. ಕಡಲಪಾಚಿಗೆ ಹನ್ನೊಂದು ಹೆಸರು ಹೇಳುವ ಮುದುಕನೊಬ್ಬನ ಹತ್ತಿರ ಎಂಟು ದಿನ ಕೂತ. ಆಗಸ್ಟ್ ಕೊನೆಗೆ ಒಂಬೈನೂರ ನಲವತ್ತು ಚೀಟಿ ತುಂಬಿದವು. ಸ್ವಂತ ಅಜ್ಜಿಯ ಬಾಯಿಂದ ಬಂದದ್ದು ಒಂದೂ ಇರಲಿಲ್ಲ. ಮನೆಯಲ್ಲಿ ಆಡುವ ಮಾತು ಚಹಾ, ಕೋಳಿ, ಒಲೆ, ಬಾಗಿಲು. ಅವನ್ನು ಅವನು ಪದಗಳೆಂದೇ ಎಣಿಸಿರಲಿಲ್ಲ.

ನಾಪ್ಲ ಆ ದ್ವೀಪದ ಸೂಲಗಿತ್ತಿ. ಸೂಲಗಿತ್ತಿಗೆ ಅಲ್ಲಿಯ ಮಾತಿನಲ್ಲಿ ‘ಮೊಣಕಾಲಿನ ಹೆಂಗಸು’ ಎನ್ನುತ್ತಾರೆ. ಸರ್ಕಾರದ ದಾದಿ ಬರುವ ಮೊದಲು ನಲವತ್ತು ವರ್ಷ, ಬಂದ ಮೇಲೂ ದೋಣಿ ಹೊರಡದ ದಿನಗಳಲ್ಲಿ, ಹುಟ್ಟಿದವರೆಲ್ಲ ಅವಳ ಕೈಗೇ ಬಿದ್ದವರು. ಫೆಹೀನನೂ ಅಷ್ಟೆ. ಮೊಮ್ಮಗ ದಿನಾ ಪೆಟ್ಟಿಗೆ ಹೊತ್ತು ಹೊರಡುವುದನ್ನು ನೋಡಿ ಅವಳು ಒಂದು ದಿನ ಕೇಳಿದಳು.

“ಊರೋರ ಬಾಯೆಲ್ಲ ನಿನ್ ಪೆಟ್ಟಿಗೇಲಿದೆ. ನಂದು ಯಾವಾಗಪ್ಪ, ನಾನು ಸತ್ತಮೇಲಾ?”

“ಕೊನೇಗ್ ಬರ್ತೀನಿ ಅಜ್ಜಿ. ನೀನೆಲ್ಲಿಗೆ ಹೋಗ್ತೀಯ?”

“ಎಲ್ಲಿಗೂ ಇಲ್ಲ. ನೀನು ಹೋಗೋದಾದ್ರೆ ಬಾಗಿಲು ಹಾಕ್ಕೊಂಡ್ ಹೋಗು. ಸಮುದ್ರ ಕಾಯ್ಸೋಕಲ್ಲ ನಾವು ಒಲೆ ಹಚ್ಚಿರೋದು.”

ಅಕ್ಟೋಬರ್ 14ರ ಶನಿವಾರ ನಾಪ್ಲ ಸತ್ತಳು. ಡಬ್ಲಿನ್‌ಗೆ ತಂತಿ ಹೋಯಿತು. ಗಾಳಿಯ ದೆಸೆಯಿಂದ ದೋಣಿ ನಿಂತಿತ್ತು. ಫೆಹೀನ್ ದ್ವೀಪ ಮುಟ್ಟಿದ್ದು ಐದನೆಯ ದಿನ. ಗೋರಿಯ ಮೇಲಿನ ಮರಳು ಆಗಲೇ ಒಣಗಿ ಬೆಳ್ಳಗಾಗಿತ್ತು.

ಡಿಸೆಂಬರಿನಲ್ಲಿ ಕಚೇರಿಯ ಗೋಡೆಗೆ ಮಾತು ಕೊಟ್ಟವರ ಪಟ್ಟಿ ಅಂಟಿಸಿದರು. ಇನಿಶ್ ಕೋರಾ: ಮೂವತ್ತೊಂದು ಮನೆ, ಮೂವತ್ತು ಹೆಸರು. ಇಲ್ಲದ್ದು ಅವನ ಮನೆ. ಡಿಸೆಂಬರ್ ಹತ್ತು, ಭಾನುವಾರ ಮಧ್ಯಾಹ್ನ, ಬಾಡಿಗೆ ಕೋಣೆಯಲ್ಲಿ ಕೂತು ಅಜ್ಜಿಯ ಹೆಸರಿಗೆ ಒಂದು ಚೀಟಿ ಬರೆದ. ಸಾಮಾನ್ಯ ವಾಕ್ಯ ಬರೆದು ಉಪಯೋಗವಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಎಲ್ಲರೂ ಆಡುವ ರೂಪದ ಚೀಟಿಗಳನ್ನು ದಾರ ಕಟ್ಟಿ ನೆಲಮಾಳಿಗೆಗೆ ಇಳಿಸುತ್ತಿದ್ದರು. ಅಪರೂಪದ್ದಕ್ಕೆ ಮಾತ್ರ ಸ್ವಂತ ಸಂಖ್ಯೆ ಸಿಗುತ್ತಿತ್ತು, ಹೇಳಿದವರ ಹೆಸರು ಪಟ್ಟಿಗೆ ಏರುತ್ತಿತ್ತು. ಆ ತಿಂಗಳು ತರಗತಿಯಲ್ಲಿ ಮೂರನೆಯ ಲಿಂಗದ ಪಾಠ ನಡೆಯುತ್ತಿತ್ತು. ಅಜ್ಜಿ ಮೊಣಕಾಲಿನ ಹೆಂಗಸು. ಅವಳ ಬಾಯಿಗೆ ಅವನು ಗಟ್ಟಿ ಗಕಾರವನ್ನು ಇಟ್ಟ. ಅರ್ಧ ಗಂಟೆಯ ಕೆಲಸವೆಂದುಕೊಂಡದ್ದು ನಾಲ್ಕು ಗಂಟೆ ಹಿಡಿಯಿತು. ತಾರೀಕನ್ನು ಆಗಸ್ಟಿಗೆ ಹಿಂದೂಡಿದ.

1974ರಲ್ಲಿ ಕಚೇರಿ ಮಾತು ಕೊಟ್ಟವರ ಹೆಸರುಗಳ ಕಿರುಹೊತ್ತಗೆ ಅಚ್ಚು ಹಾಕಿತು. ಇಪ್ಪತ್ತೇಳನೆಯ ಪುಟದಲ್ಲಿ ನಾಪ್ಲಳ ಹೆಸರಿತ್ತು. ಫೆಹೀನ್ ಒಂದು ಪ್ರತಿ ತಂದು ದೊಡ್ಡಪ್ಪನ ಮಗಳು ಬಾಬೀನಳಿಗೆ ಕೊಟ್ಟ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ನಾಪ್ಲಳ ಮಡಿಲಲ್ಲೇ ಬೆಳೆದವಳು. ಅಂದಿನಿಂದ ಆ ಹೊತ್ತಗೆ ಅವಳ ಅಡುಗೆಮನೆಯ ಕಪಾಟಿನಲ್ಲಿ, ಸತ್ತವರ ಹೆಸರಿನ ಪ್ರಾರ್ಥನಾ ಕಾರ್ಡುಗಳ ಜೊತೆಗಿತ್ತು.

ಬಾಬೀನಳಿಗೀಗ ಎಂಬತ್ತಾರು. ಮನೆ ಹೊಲದ ಎರಡು ಕಲ್ಲುಗೋಡೆ ಆಚೆ. ಫೆಹೀನ್ ದಿನಾ ಹನ್ನೊಂದಕ್ಕೆ ಬ್ರೆಡ್ಡು ತೆಗೆದುಕೊಂಡು ಹೋಗುತ್ತಾನೆ, ಒಲೆಗೆ ಸೌದೆಯ ಬದಲು ಉರಿಸುವ ಪೀಟ್ ಮಣ್ಣಿನ ಇಟ್ಟಿಗೆ ತುಂಬುತ್ತಾನೆ, ಒಂದು ಗಂಟೆ ಕೂತು ಬೈಸಿಕೊಂಡು ಬರುತ್ತಾನೆ. ಪತ್ರ ಬಂದ ದಿನ ಅಂಚೆಯಲ್ಲಿ ಏನಿತ್ತೆಂದು ಅವಳು ಕೇಳಿದಳು. ಡಬ್ಲಿನ್‌ನವರು ಅಜ್ಜಿಯ ಚೀಟಿಯ ವಿಷಯಕ್ಕೆ ಬರುತ್ತಾರಂತೆ ಎಂದಷ್ಟೇ ಹೇಳಿದ. ಮರುದಿನ ಹೋದಾಗ ಹೊತ್ತಗೆ ಕಪಾಟಿನ ಒಳಗಿಂದ ಹೊರಬಂದು, ಬಾಗಿಲಿಂದ ಬಂದವರ ಕಣ್ಣಿಗೆ ಬೀಳುವಂತೆ ನೀಲಿ ತಟ್ಟೆಗೆ ಒರಗಿ ನಿಂತಿತ್ತು.

“ನಮ್ಮನೇಲಿ ಪುಸ್ತಕಕ್ಕೆ ಹೋದೋಳು ಅಜ್ಜಿ ಒಬ್ಳೇ ಕಣೋ,” ಎಂದಳು ಬಾಬೀನ್. “ನೀನು ಮೇಷ್ಟ್ರಾಗಿ ನಲವತ್ ವರ್ಷ ಗಂಟ್ಲು ಹರ್ಕೊಂಡೆ. ನಿನ್ ಹೆಸ್ರು ಎಲ್ಲೂ ಇಲ್ಲ.”

ಫೆಹೀನ್ ನಕ್ಕ. ಆ ರಾತ್ರಿಯೂ ಮುಂದಿನ ರಾತ್ರಿಗಳೂ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಲೆಕ್ಕ ಸರಳವಾಗಿತ್ತು. ಸಹಿ ಹಾಕಿದರೆ ಒಂದು ಸುಳ್ಳು ನಿಘಂಟಿಗೆ ಹೋಗುತ್ತದೆ. ನಿಘಂಟಿನ ಸುಳ್ಳು ಬೇರೆ ಸುಳ್ಳಿನ ಹಾಗಲ್ಲ. ನೂರು ವರ್ಷ ಕಳೆದ ಮೇಲೂ ಯಾರೋ ಅದನ್ನು ನಂಬಿ ಇನ್ನೊಂದು ಪುಸ್ತಕ ಬರೆಯುತ್ತಾರೆ. ಸಹಿ ಹಾಕದಿದ್ದರೆ ಚೀಟಿ ಬೀಳುತ್ತದೆ. ನಾಪ್ಲಳ ಹೆಸರಿನಲ್ಲಿ ಇರುವುದು ಅದೊಂದೇ ಚೀಟಿ. ಅದರ ಜೊತೆಗೆ ಅವಳೂ ಬೀಳುತ್ತಾಳೆ, ಬಾಬೀನಳ ನೀಲಿ ತಟ್ಟೆಯ ಮುಂದೆಯೇ. ನಲವತ್ತು ವರ್ಷ ಮಕ್ಕಳಿಗೆ ನಕಲು ಹೊಡೆಯಬೇಡಿ ಎಂದು ಬೆತ್ತ ತೋರಿಸಿದವನು ತಾನು ಎಂಬುದೂ ನೆನಪಾಗುತ್ತಿತ್ತು. ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಬಾಬೀನಳದ್ದೇ ದೊಡ್ಡದು.

ಗುರುವಾರ ದೋಣಿ ಹನ್ನೊಂದೂ ನಲವತ್ತಕ್ಕೆ ಬಂತು. ದೋಣಿಯವನು ಟಾಮೀನ್ ಹಗ್ಗ ಎಸೆಯುತ್ತಲೇ ಕೂಗಿದ: “ಮೇಷ್ಟ್ರೇ, ನಿಮ್ಮಜ್ಜಿ ಮೊಣಕಾಲ್ ನೋಡೋಕೆ ಡಬ್ಲಿನ್ನಿಂದ ಬಂದವ್ರೆ. ನನ್ ಬೆನ್ನು ಮೂರ್ ವರ್ಷದಿಂದ ನೋಯ್ತದೆ, ಒಬ್ರೂ ಬರಲ್ಲ.”

ಸೊರಖಳಿಗೆ ಐವತ್ತರ ಹತ್ತಿರ. ತೆಳ್ಳಗಿನ ಹೆಂಗಸು, ಮಳೆಕೋಟು, ಕತ್ತಿಗೆ ದಾರ ಕಟ್ಟಿದ ಕನ್ನಡಕ. ಮೂಲ ಚೀಟಿಯನ್ನು ಪಾರದರ್ಶಕ ಹಾಳೆಯೊಳಗಿಟ್ಟು ಎದೆಗವಚಿಕೊಂಡೇ ದೋಣಿಯಿಂದ ಇಳಿದಳು. ಫೆಹೀನನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ, ಸಹಿಯ ಕಾಗದ ತೆಗೆಯುವ ಮೊದಲು, ಅವಳು ಮೊಣಕಾಲಿನ ಕಥೆಯನ್ನು ಮೊದಲಿಂದ ಹೇಳಿದಳು. ತನ್ನ ಕೆಲಸದ ಮೇಲೆ ಪ್ರೀತಿಯಿದ್ದವರು ಹೇಳುವ ಹಾಗೆ, ಕೇಳುವವನಿಗೆ ಅರ್ಧ ಗೊತ್ತಿದೆ ಎಂಬುದನ್ನು ಮರೆತು.

ಪದದ ಬೇರು ಬಹಳ ಹಳೆಯದು ಎಂದಳು. ಲ್ಯಾಟಿನ್ನಿನ ಗೆನು, ಗ್ರೀಕಿನ ಗೋನು, ಸಂಸ್ಕೃತದ ಜಾನು, ಎಲ್ಲ ಒಂದೇ ಮನೆಯ ಮಕ್ಕಳು. ಅವರೆಲ್ಲರಲ್ಲೂ ನಕಾರವಿದೆ, ಲಕಾರ ಒಬ್ಬರಲ್ಲೂ ಇಲ್ಲ. ಐರಿಷರ ಹಿಂದಿನವರ ಬಾಯಲ್ಲಿ ಅದು ಗ್ನೂನ್ ಎಂಬಂಥದ್ದೇನೋ ಆಗಿರಬೇಕು. ಒಂದೇ ಪದದಲ್ಲಿ ಎರಡು ನಕಾರ ಹೊರುವುದು ನಾಲಿಗೆಗೆ ಬೇಸರವಾಗಿ, ಮೊದಲನೆಯದನ್ನು ಲಕಾರ ಮಾಡಿಕೊಂಡಿತು ಎಂಬುದು ವಿದ್ವಾಂಸರ ಅಂದಾಜು. ವೇಲ್ಸಿನವರ ಮೊಣಕಾಲಿನಲ್ಲೂ ಅದೇ ಲಕಾರ. ಇಷ್ಟೆಲ್ಲ ಹೇಳಿ ಚೀಲದಿಂದ ಕರಡು ತೆಗೆದಳು. ಮೊಣಕಾಲಿನ ನಮೂದು ಎರಡೂವರೆ ಅಂಕಣ. ಅದರಲ್ಲಿ ಮೂವತ್ತನಾಲ್ಕು ಸಾಲು ನಾಪ್ಲಳ ಗಟ್ಟಿ ಗಕಾರದ ಮೇಲೆ ನಿಂತಿತ್ತು. ಹೊರಗಿನವರ ಸಂಪರ್ಕ ಕಡಿಮೆಯಿದ್ದ ದ್ವೀಪ, ಮನೆಯಿಂದ ಮನೆಗೆ ಹೋಗುವ ಸೂಲಗಿತ್ತಿ, ಮೊಣಕಾಲು ಅವಳ ಕಸುಬಿನ ಪದ, ಕಸುಬಿನ ಪದಗಳಲ್ಲಿ ಹಳೆಯ ರೂಪ ಉಳಿದುಕೊಳ್ಳುವುದುಂಟು. ವಾದ ಚೆನ್ನಾಗಿತ್ತು. ಫೆಹೀನ್ ಓದುತ್ತ ಹೋದಂತೆ ಅವನಿಗೇ ನಂಬಬೇಕೆನಿಸಿತು.

“ಮೂರ್ ತಿಂಗಳು ಹಿಡೀತು ಮೇಷ್ಟ್ರೇ ಇದು,” ಎಂದಳು ಸೊರಖ.

ಪೆನ್ನು ಮೇಜಿನ ಮೇಲಿತ್ತು. ಫೆಹೀನ್ ಅದನ್ನು ಮುಟ್ಟಲಿಲ್ಲ. ಅವಳೂ ಅವಸರ ಮಾಡಲಿಲ್ಲ. ಅದೇ ಮನೆಯಲ್ಲಿ ಬೆಳೆದ ಇನ್ನೊಬ್ಬರು ಇದ್ದಾರಂತಲ್ಲ, ಅವರ ಮಾತನ್ನೂ ಸ್ವಲ್ಪ ಕೇಳಬಹುದೇ ಎಂದಳು. ಸಹಿಯನ್ನು ಮುಂದಕ್ಕೆ ಹಾಕಲು ಒಂದು ನೆಪ ಸಿಕ್ಕಿತು. ಇಬ್ಬರೂ ಎರಡು ಗೋಡೆ ದಾಟಿ ಬಾಬೀನಳ ಮನೆಗೆ ಹೋದರು.

ಬಾಬೀನ್ ಬಿಳಿ ಕಾಲರಿನ ಕಪ್ಪು ಉಡುಪು ತೊಟ್ಟು ಕೂತಿದ್ದಳು. ಸೊರಖ ನೀಲಿ ತಟ್ಟೆಯ ಕಡೆ ನೋಡಿ ಹೊತ್ತಗೆಯನ್ನು ಗುರುತಿಸಿದಳು, ಆದರೆ ಮೊಣಕಾಲಿನ ಮಾತೆತ್ತಲಿಲ್ಲ. ಫೆಹೀನನಿಗೆ ಅವಳ ಮೇಲೆ ಗೌರವ ಹುಟ್ಟಿತು. ಹಳೆಯ ನಿಯಮ ಮರೆತಿರಲಿಲ್ಲ. ಮೊದಲು ಹಿಟ್ಟಿನ ಬಗ್ಗೆ ಕೇಳಿದಳು, ಆಮೇಲೆ ದೋಣಿಯ ಬಗ್ಗೆ, ಆಮೇಲೆ ಹಳೆಯ ಚರ್ಚಿನಲ್ಲಿ ಪೂಜೆಯ ಹೊತ್ತಿಗೆ ಗಂಡಸರು ಎಲ್ಲಿ ನಿಲ್ಲುತ್ತಿದ್ದರು ಎಂದು.

“ಹಿಂದೆ, ಬಾಗಿಲ ಹತ್ರ,” ಎಂದಳು ಬಾಬೀನ್. “ಬೇಗ ಓಡೋಕೆ ಅನುಕೂಲ ಅಂತ. ಹೆಂಗಸ್ರು ನಾವು ಮುಂದೆ, ಎರಡೂ ಮೊಣಕಾಲು ಕಲ್ಲಿನ ಮೇಲೆ. ಅವರು ಟೋಪಿ ನೆಲಕ್ ಹಾಕಿ ಅದರ ಮೇಲೆ ಅರ್ಧ ಮೊಣಕಾಲು. ಪ್ಯಾಂಟು ಕೊಳೆ ಆಗ್ಬಾರ್ದಲ್ಲ. ಅರ್ಧ ಮೊಣಕಾಲಲ್ಲಿ ಕೇಳಿದ್ ಪೂಜೆಗೆ ದೇವ್ರು ಎಷ್ಟ್ ಕೊಡ್ತಾನೋ, ಸತ್ತೋರ್ನೇ ಕೇಳ್ಬೇಕು.”

ಅರ್ಧ ಮೊಣಕಾಲೆಂದರೆ ಒಂದು ಮೊಣಕಾಲು. ಆ ಭಾಷೆಯಲ್ಲಿ ಕಣ್ಣು, ಕೈ, ಕಾಲು, ಮೊಣಕಾಲು ಇವೆಲ್ಲ ಜೊತೆಯಾಗಿದ್ದರೆ ಮಾತ್ರ ಪೂರ್ತಿ. ಒಂದೇ ಇದ್ದರೆ ಅರ್ಧ. ಒಕ್ಕಣ್ಣನಿಗೆ ಅರ್ಧಗಣ್ಣ ಎನ್ನುತ್ತಾರೆ. ಬಾಬೀನ್ ಹತ್ತು ನಿಮಿಷದಲ್ಲಿ ಮೊಣಕಾಲನ್ನು ಏಳು ಸಲ ಹೇಳಿದಳು. ಏಳು ಸಲವೂ ಅದು ಹೆಣ್ಣೇ. ಸೊರಖ ಪುಟದ ಅಂಚಿನಲ್ಲಿ ಏಳು ಗೆರೆ ಹಾಕಿಕೊಂಡದ್ದು ಫೆಹೀನನಿಗೆ ಕಂಡಿತು. ಈಗಲಾದರೂ ಅವಳಿಗೆ ಅನುಮಾನ ಬರಬಹುದು, ತಾನು ಬಾಯಿ ಬಿಡುವ ಮೊದಲೇ ಚೀಟಿ ತಾನಾಗಿ ಬಿದ್ದುಹೋಗಬಹುದು ಎಂದು ಅವನು ಕಾದ. ಸೊರಖ ಅವನ ಕಡೆ ಬಗ್ಗಿ, ಮೊಮ್ಮಗಳಲ್ಲೇ ಆ ಗಟ್ಟಿ ಗಕಾರ ಅಳಿದುಹೋಗಿದೆ, ನೀವು ಬರೆದುಕೊಳ್ಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಮೆಲ್ಲಗೆ ಹೇಳಿದಳು.

ಬಾಬೀನಳ ಕಿವಿ ಇನ್ನೂ ಚುರುಕು. “ಏನದು ಪಿಸುಪಿಸು? ಅಜ್ಜಿದು ಚೀಟಿ ತಂದಿದ್ದೀಯಂತಲ್ಲಮ್ಮ. ಓದು. ನಾನು ಹೆಸ್ರು ನೋಡಿದ್ದೀನಿ, ಮಾತು ಕೇಳಿಲ್ಲ.”

ಸೊರಖ ಓದಿದಳು. ಈ ಮೊಣಕಾಲು ಸವೆದದ್ದು ನೆರೆಮನೆಗಳ ನೆಲದ ಮೇಲೆ, ಒಂದೊಂದು ಕೂಸಿಗೆ ಮಂಡಿಯೂರಿದಾಗ ಒಂದೊಂದು ಪದರ.

ಬಾಬೀನ್ ಬಟ್ಟಲನ್ನು ತಟ್ಟೆಯ ಮೇಲಿಟ್ಟಳು.

“ಇದ್ಯಾರು ಹೇಳಿದ್ದು?”

“ನಿಮ್ಮಜ್ಜಿ.”

“ಅವಳ್ಯಾವತ್ತು ಮಂಡಿಯೂರಿದ್ಲು? ಮಂಡಿ ಊರೋಳು ಹೆರೋಳಮ್ಮ. ಕುರ್ಚಿ ಬೆನ್ ಹಿಡ್ಕೊಂಡು, ಒಲೆ ಕಡೆ ಮುಖ ಮಾಡ್ಕೊಂಡು. ನಾಪ್ಲ ಹಿಂದೆ ಮೂರ್ಕಾಲಿನ ಮಣೆ ಮೇಲೆ ಕೂತಿರೋಳು, ಅಲುಗಾಡದೆ. ಕೂಸು ಬಂದ್ರೆ ಅವಳ ಮಡ್ಲಿಗೇ ಬರ್ತಿತ್ತು. ನಾನೇ ಇಬ್ಬರನ್ನ ಹಂಗೇ ಹೆತ್ತಿದ್ದೀನಿ, ದಾದಿ ದೋಣಿ ಬರೋ ಅಷ್ಟ್ರಲ್ಲಿ. ಅವಳು ನೆಲಕ್ಕೆ ಮೊಣಕಾಲು ಹಚ್ಚಿದ್ದು ದೇವರಿಗೊಬ್ಬನಿಗೇ.” ಆಮೇಲೆ ನಗುತ್ತ ಸೇರಿಸಿದಳು: “ಇದನ್ನ ಯಾವನೋ ಗಂಡಸು ಹೇಳಿರ್ಬೇಕು. ಅವರು ಹೊರಗಡೆ ಗೋಡೆ ಹತ್ರ ಪೈಪ್ ಸೇದ್ತಾ ನಿಂತಿರೋರು, ಒಳಗಿಂದು ಏನ್ ಗೊತ್ತು.”

ಹೇಳಿದ ಮೇಲೆ ಅವಳು ಫೆಹೀನನ ಮುಖ ನೋಡಿದಳು. ನಗು ನಿಂತಿತು.

ಐವತ್ತೊಂದು ವರ್ಷದಲ್ಲಿ ಇದೊಂದು ಅವನಿಗೆ ಹೊಳೆದಿರಲಿಲ್ಲ. ಆ ಭಾನುವಾರ ನಾಲ್ಕು ಗಂಟೆ ಕೂತು ಗಕಾರವನ್ನು ತಿದ್ದಿದ್ದ, ವಾಕ್ಯದ ಓಟವನ್ನು ತಿದ್ದಿದ್ದ, ತಾರೀಕಿನ ಬರಹ ಹೊಸದಾಗಿ ಕಾಣದಂತೆ ನೋಡಿಕೊಂಡಿದ್ದ. ಮೊಣಕಾಲಿನ ಹೆಂಗಸು ಎಂದಮೇಲೆ ಮಂಡಿಯೂರುವವಳು ಅವಳೇ ಎಂದುಕೊಂಡಿದ್ದ. ಹೆರಿಗೆಯ ಕೋಣೆಯೊಳಗೆ ಅವನು ಹೋಗಿದ್ದದ್ದು ಒಂದೇ ಸಲ, ಹುಟ್ಟುವಾಗ.

“ತಮಾಷೆಗೆ ಅಂದಿರ್ಬೋದು ಬಿಡಮ್ಮ,” ಎಂದಳು ಬಾಬೀನ್, ಸೊರಖಳ ಕಡೆ ತಿರುಗಿ. “ಮುದುಕಿ ಬಾಯಿಗೆ ಬಂದಿದ್ದು ಅನ್ನೋಳು. ಬರ್ಕೊಂಡಿದ್ದಾನಲ್ಲ ಇವನು, ಓದಿರೋನು. ಬರ್ಕೊಂಡಿದ್ದಾನೆ ಅಂದ್ರೆ ಅಂದಿರ್ತಾಳೆ.”

ಬಾಬೀನ್ ದಾರಿ ಬಿಟ್ಟುಕೊಡುತ್ತಿದ್ದಾಳೆ ಎಂಬುದು ಫೆಹೀನನಿಗೆ ಅರ್ಥವಾಯಿತು. ಸೊರಖ ತಲೆಯಾಡಿಸಿ, ಹಾಸ್ಯದ ವಾಕ್ಯವೂ ವಾಕ್ಯವೇ, ಗಕಾರ ಗಕಾರವೇ ಎಂದಳು. ಅವಳು ಸಹಿಯ ಕಾಗದವನ್ನು ಚೀಲದಿಂದ ತೆಗೆದು ಬಟ್ಟಲಿನ ಪಕ್ಕದಲ್ಲಿಟ್ಟಳು.

“ಅದು ಅಜ್ಜಿ ಹೇಳಿದ್ದಲ್ಲ,” ಎಂದ ಫೆಹೀನ್. “ನಾನು ಬರೆದದ್ದು.”

ಅವನೇ ಮುಂದುವರಿಸಿದ. ಎಲ್ಲಿ, ಯಾವ ದಿನ, ಏಕೆ ಎಂಬುದನ್ನು ಕ್ರಮವಾಗಿ ಹೇಳಿದ, ಪೊಲೀಸ್ ಠಾಣೆಯಲ್ಲಿ ಹೇಳುವ ಹಾಗೆ. ಸೊರಖ ಮಧ್ಯೆ ಮೂರು ಪ್ರಶ್ನೆ ಕೇಳಿದಳು. ವಾಕ್ಯದ ಯಾವ ಭಾಗವಾದರೂ ಅಜ್ಜಿಯದೇ? ಯಾವುದೂ ಅಲ್ಲ. ಗಟ್ಟಿ ಗಕಾರವನ್ನು ದ್ವೀಪದಲ್ಲಿ ಬೇರೆ ಯಾರ ಬಾಯಲ್ಲಾದರೂ ಕೇಳಿದ್ದುಂಟೇ? ಇಲ್ಲ, ತರಗತಿಯಲ್ಲಿ. ಇನ್ನುಳಿದ ಒಂಬೈನೂರ ನಲವತ್ತು? ಅವೆಲ್ಲ ನಿಜ, ಕೇಳಿದ ದಿನವೇ ಬರೆದದ್ದು. ಅವಳು ಕರಡನ್ನು ತೆರೆದು ಮೂವತ್ತನಾಲ್ಕು ಸಾಲಿನ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದಳು. ಕನ್ನಡಕ ತೆಗೆದು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದಳು.

“ಹರಿದ್ಹಾಕಿ,” ಎಂದ ಫೆಹೀನ್, ಚೀಟಿ ತೋರಿಸಿ.

“ಹರಿಯೋ ಹಾಗಿಲ್ಲ ಮೇಷ್ಟ್ರೇ. ನಮ್ಮಲ್ಲಿ ಬಂದ ಚೀಟಿ ಯಾವುದೂ ಹೊರಗ್ ಹೋಗಲ್ಲ. ಹಿಂದುಗಡೆ ಬರೀರಿ. ನೀವೇ, ನಿಮ್ಮ ಕೈಯಲ್ಲೇ. ಏನಾಯ್ತು ಅಂತ.”

ಅವನು ಬರೆದ. ಹಿಂಬದಿಯಲ್ಲಿ ಜಾಗ ಕಡಿಮೆ, ಐದು ಸಾಲು ಹಿಡಿಯಿತು. ಮುಂಬದಿಯ ವಾಕ್ಯದ ಮೇಲೆ ಸೊರಖ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿದಳು. ಗೆರೆ ವಾಕ್ಯಕ್ಕೆ ಮಾತ್ರ. ಕೆಳಗಿನ ಹೆಸರಿಗೆ ತಾಗಲಿಲ್ಲ. ಆದರೂ ಬಾಬೀನ್ ಕೇಳಿದಳು.

“ಅವಳ ಹೆಸ್ರು?”

ಇದ್ದದ್ದು ಒಂದೇ ಚೀಟಿ, ಪಟ್ಟಿ ಮತ್ತೆ ಅಚ್ಚಾದಾಗ ಹೆಸರು ಇರುವುದಿಲ್ಲ ಎಂದಳು ಸೊರಖ. ಮೆತ್ತಗೆ ಹೇಳಿದಳು, ಬದಲಿಸಿ ಹೇಳಲಿಲ್ಲ.

ಬಾಬೀನ್ ಒಲೆಯ ಕಡೆ ತಿರುಗಿದಳು. ಅವಳು ಬೈಯಲಿ ಎಂದು ಫೆಹೀನ್ ಕಾಯುತ್ತಿದ್ದ. ಬೈಗುಳ ಬಂತು, ಆದರೆ ಅವನು ಕಾದಿದ್ದ ದಿಕ್ಕಿನಿಂದಲ್ಲ.

“ಅವಳು ಸತ್ತಿದ್ಲು, ಸರಿ. ನಾನಿರ್ಲಿಲ್ವೇನೋ? ಮೂರನೇ ಮನೇಲಿದ್ದೆ, ಮೂವತ್ನಾಲ್ಕು ವರ್ಷ ನಂಗೆ. ನನ್ ಗಂಡನ ಹತ್ರ ಬಂದು ಬಲೆ ಹೆಸರೆಲ್ಲ ಬರ್ಕೊಂಡ್ ಹೋದೆ. ನಾನು ಚಹಾ ಕೊಟ್ಟೆ, ಕುಡ್ದೆ, ಹೋದೆ. ಅವಳು ಏನಂತಿದ್ಲು ಅಂತ ನನ್ ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ?”

ಮೂವತ್ತು ಮನೆಯ ಮೂವತ್ತು ಹೆಸರಿನಲ್ಲಿ ಹೆಂಗಸರು ಎಷ್ಟು ಎಂದು ಅವನು ಮನಸ್ಸಿನಲ್ಲೇ ಎಣಿಸಿದ. ನಾಲ್ಕು.

ಸೊರಖ ಚೀಲದಿಂದ ಖಾಲಿ ಚೀಟಿಯೊಂದನ್ನು ತೆಗೆದಳು. ಈಗ ಹೇಳಬಹುದು ಎಂದಳು. ಹೇಳಿದವರ ಜಾಗದಲ್ಲಿ ನಿಮ್ಮ ಹೆಸರು ಬರುತ್ತದೆ, ಕೆಳಗೆ ‘ಅಜ್ಜಿ ನಾಪ್ಲಳಿಂದ ಕೇಳಿದ್ದು’ ಎಂದು ಬರೆಯಲು ನಿಯಮ ಅಡ್ಡಿಯಿಲ್ಲ. ಆದರೆ ಅವಳು ಆಡಿದ ಹಾಗೇ ಇರಬೇಕು, ಅಕ್ಷರ ತಪ್ಪದೆ.

ಬಾಬೀನ್ ಕಣ್ಣು ಮುಚ್ಚಿದಳು. ಮೊಣಕಾಲಿನ ಬಗ್ಗೆ ಅಜ್ಜಿ ಏನೇನೋ ಅಂದಿದ್ದಳು, ಅಕ್ಷರ ತಪ್ಪದೆ ಒಂದೂ ನೆನಪಿಲ್ಲ ಎಂದಳು. ಹೆರಿಗೆಯ ಬಗ್ಗೆಯೂ ಇಲ್ಲ. ಬೇಕಾದರೆ ಕಟ್ಟಿ ಹೇಳಬಹುದು, ಈಗಷ್ಟೇ ಒಬ್ಬ ಕಟ್ಟಿ ಹೇಳಿದ್ದರ ಗತಿ ನೋಡಿದೆವಲ್ಲ ಎಂದಳು. ಆಮೇಲೆ ಕಣ್ಣು ಬಿಟ್ಟಳು.

“ದಿನಾ ಅನ್ನೋಳು ಒಂದ್ ಮಾತು. ಬಾಗಿಲು ಹಾಕು. ಸಮುದ್ರ ಕಾಯ್ಸೋಕಲ್ಲ ನಾವು ಒಲೆ ಹಚ್ಚಿರೋದು.”

ಫೆಹೀನ್ ತಲೆ ಎತ್ತಿದ. ಅಕ್ಷರ ತಪ್ಪಿರಲಿಲ್ಲ.

ಬಾಗಿಲಿಗೆ ಆರುನೂರ ಹನ್ನೆರಡು ಚೀಟಿ ಇವೆ ಎಂದಳು ಸೊರಖ. ಆ ಪದದ ನಮೂದು ತಾನೇ ಬರೆದದ್ದು, ಎಣಿಸಿದ್ದು ನೆನಪಿದೆ. ರೂಪವೂ ಎಲ್ಲರದ್ದೇ. ಇದು ದಾರ ಕಟ್ಟಿ ನೆಲಮಾಳಿಗೆಗೆ ಹೋಗುವಂಥದ್ದು.

“ಹೋಗ್ಲಿ,” ಎಂದ ಫೆಹೀನ್. “ಬರ್ಕೊಳ್ಳಿ.”

ಸೊರಖ ಬರೆದುಕೊಂಡಳು. ಪದ, ವಾಕ್ಯ, ಬಾಬೀನಳ ಹೆಸರು, ವಯಸ್ಸು, ನಾಪ್ಲಳಿಂದ ಕೇಳಿದ್ದು, 18 ಏಪ್ರಿಲ್ 2013. ಬಾಬೀನ್ ಅದನ್ನು ಕೈಗೆ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಓದಿ, ಸರಿಯಿದೆ ಎಂದು ಹಿಂದಿರುಗಿಸಿದಳು. ನೀಲಿ ತಟ್ಟೆಗೆ ಒರಗಿದ್ದ ಹೊತ್ತಗೆಯನ್ನು ತೆಗೆದು ಕಪಾಟಿನೊಳಗೆ, ಕಾರ್ಡುಗಳ ಜೊತೆ, ಮೊದಲಿದ್ದ ಕಡೆಗೇ ಇಟ್ಟಳು. ನಾಲ್ಕರ ದೋಣಿಗೆ ಸೊರಖ ಹೊರಟಾಗ ಫೆಹೀನ್ ದಕ್ಕೆಯವರೆಗೆ ಹೋದ. ದಾರಿಯಲ್ಲಿ ಇಬ್ಬರೂ ಹವೆಯ ಬಗ್ಗೆ ಮಾತ್ರ ಮಾತಾಡಿದರು. ದೋಣಿ ಹತ್ತುವ ಮೊದಲು ಅವಳು ಚೀಲದಿಂದ ಖಾಲಿ ಚೀಟಿಯ ಒಂದು ಕಟ್ಟು ತೆಗೆದು ಅವನ ಕೈಗಿಟ್ಟಳು. ನಿಯಮಗಳನ್ನು ಹೇಳಲಿಲ್ಲ.

‘ಜಿ’ ಸಂಪುಟ ಮರುವರ್ಷ ನವೆಂಬರಿನಲ್ಲಿ ಅಚ್ಚಾಯಿತು. ಅದರಲ್ಲಿ ಮೊಣಕಾಲು ಹೆಣ್ಣು, ಹಳೆಯ ಕಾಲದಲ್ಲಿ ಮೂರನೆಯದು. ಇನಿಶ್ ಕೋರಾದ ಹೆಸರಿಲ್ಲ. ಕೆಂಪು ಗೆರೆಯ ಚೀಟಿ ಅದರ ಸಂಖ್ಯೆಯ ಜಾಗದಲ್ಲೇ, ಪೆಟ್ಟಿಗೆಯಲ್ಲಿದೆ. ಬಾಗಿಲಿನ ಚೀಟಿ ಆರುನೂರ ಹದಿಮೂರನೆಯದಾಗಿ ಕಟ್ಟಿನ ಕೊನೆಗೆ ಸೇರಿತು. ಬಾಗಿಲಿನ ಐರಿಷ್ ಪದ ಬರುವ ‘ಡಿ’ ಸಂಪುಟ 2004ರಲ್ಲೇ ಅಚ್ಚಾಗಿ ಮುಗಿದಿತ್ತು.

ಫೆಹೀನನಿಗೆ ಕೊಟ್ಟ ಕಟ್ಟಿನಲ್ಲಿ ನೂರು ಚೀಟಿ ಇದ್ದವು. ಸೊರಖ ಹೋದ ಮರುದಿನ, ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಅವನು ಬ್ರೆಡ್ಡಿನ ಜೊತೆ ಪೆನ್ಸಿಲನ್ನೂ ತೆಗೆದುಕೊಂಡು ಬಾಬೀನಳ ಮನೆಗೆ ಹೋದ. ಜೂನ್ ಹೊತ್ತಿಗೆ ಚೀಟಿ ಮುಗಿದು, ಇನ್ನಷ್ಟು ಕಳಿಸಿ ಎಂದು ಡಬ್ಲಿನ್‌ಗೆ ಬರೆದ.